ಅರಿವಳಿಕೆಯವಳ ನಿದ್ದೆ

ಆ ವರ್ಷ ನನಗೆ ಮಲಗುವುದೆಂದರೆ ಹೆದರಿಕೆಯಾಗಿತ್ತು. ಅಡುಗೆಮನೆ ಒರೆಸಿದ ಮೇಲೂ ದೀಪ ಆರಿಸದೆ ಇನ್ನೇನಾದರೂ ಕೆಲಸ ಹುಡುಕುತ್ತಿದ್ದೆ. ಕಣ್ಣು ಹತ್ತಿ ಸ್ವಲ್ಪ ಹೊತ್ತಾಗಿದೆಯೋ ಇಲ್ಲವೋ, ಗಂಟಲಿಗೆ ಹುಳಿನೀರು ನುಗ್ಗಿ, ಉಸಿರು ಕಟ್ಟಿ, ದಡಬಡಿಸಿ ಎದ್ದು ಕೂರುತ್ತಿದ್ದೆ. ಮೂಗಿನ ಒಳಗೆಲ್ಲ ಉರಿ. ಗುಲಾಬಿ ಬಣ್ಣದ ದಪ್ಪನೆಯ ಔಷಧಿಯನ್ನು ಬಾಟಲಿಯಿಂದಲೇ ಬಾಯಿಗೆ ಸುರಿದುಕೊಂಡು, ಕೆಮ್ಮು ಇಳಿದ ಮೇಲೆ ಮತ್ತೆ ಮಲಗಿದರೆ ಮತ್ತೆ ಅದೇ. ಬೆಳಗಾಗುವಾಗ ಗಂಟಲು ಕೆರೆದಿಟ್ಟ ಹಾಗೆ, ತಲೆ ಕಲ್ಲು ಕಟ್ಟಿದ ಹಾಗೆ.

ಬೆಳಕು ಹರಿಯುತ್ತಲೇ ಹಾಸನದ ನಮ್ಮ ಮನೆಯ ಮುಂದೆ ಯಾವುದಾದರೂ ಒಂದು ಕಾರು ಬಂದು ನಿಲ್ಲುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಆಪರೇಷನ್ ಮಾಡುವವರು ಇದ್ದರು, ಅರಿವಳಿಕೆ ಕೊಡುವವರು ಇರಲಿಲ್ಲ. ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಔಷಧಿಗಳ ಚೀಲ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪು, ಉಸಿರಿನ ದಾರಿಗೆ ಇಳಿಸುವ ನಾಲ್ಕಾರು ಅಳತೆಯ ಟ್ಯೂಬುಗಳು, ಇವಿಷ್ಟನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ, ಊರು ದಾಟುವ ಮೊದಲೇ ನನ್ನ ತಲೆ ಕಿಟಕಿಗೆ ಬಡಿಯುತ್ತಿತ್ತು. ಅರಕಲಗೂಡು ನರ್ಸಿಂಗ್ ಹೋಮಿನ ಡ್ರೈವರ್ ಒಮ್ಮೆ ಕನ್ನಡಿಯಲ್ಲಿ ನೋಡುತ್ತಾ ಹೇಳಿದ್ದ: "ಮೇಡಮ್ಮೋರು ಅದೆಂಗೆ ಇಂಗ್ ನಿದ್ದೆ ಮಾಡ್ತೀರೋ ಕಾಣೆ. ನಂಗೂ ಇಂಥ ನಿದ್ದೆ ಬಂದಿದ್ರೆ!" ಅವನಿಗೆ ನನ್ನ ಮೇಲೆ ಅಸೂಯೆಯಿತ್ತು.

ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದೆ. ಕೇಸಿಗೆ ಮುಂಚೆ ಒಂದು, ನಡುವೆ ಒಂದು, ಮುಗಿದ ಮೇಲೆ ಇನ್ನೊಂದು. ಕಾಫಿ ಕುಡಿದಷ್ಟೂ ಎದೆಯುರಿ. ಉರಿ ತಡೆಯಲಾರದೆ ಬಿಟ್ಟರೆ, ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಹುಳಿ ಮೇಲೇರದಿರಲಿ ಎಂದು ತಲೆಗೆ ಮೂರು ದಿಂಬು ಇಟ್ಟುಕೊಂಡರೆ ಗಲ್ಲ ಎದೆಗೆ ಒತ್ತಿ ಗೊರಕೆ ಹೆಚ್ಚುತ್ತಿತ್ತು. ದಿಂಬು ತೆಗೆದು ಚಪ್ಪಟೆ ಮಲಗಿದರೆ ಹೊಟ್ಟೆಯೇ ಬಾಯಿಗೆ ಬರುತ್ತಿತ್ತು. ಒಂದಕ್ಕೆ ಮಾಡಿದ ಮದ್ದು ಇನ್ನೊಂದನ್ನು ಕೆರಳಿಸುತ್ತಿತ್ತು. ಎರಡೂ ಬೇರೆ ಬೇರೆ ಕಾಯಿಲೆ ಎಂದೂ ಆಗ ನನಗೆ ಗೊತ್ತಿರಲಿಲ್ಲ. ಎಲ್ಲವೂ ಆಸಿಡ್ಡಿನದೇ ಕೆಲಸ, ಅದು ಗಂಟಲಿಗೆ ಬರುವುದರಿಂದಲೇ ಉಸಿರು ಕಟ್ಟುತ್ತದೆ ಎಂದು ನಂಬಿದ್ದೆ.

ನಂಬಲು ಕಾರಣವೂ ಇತ್ತು. ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ಕೆಳತುದಿಯಲ್ಲಿ ಕೆಂಪನೆಯ ಗೀರುಗಳು ಕಂಡಿದ್ದವು. ಆಸಿಡ್ ತಗ್ಗಿಸುವ ಒಮೆಪ್ರಜೋಲ್ ಮಾತ್ರೆ ಶುರು ಮಾಡಿದೆ, ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆ, ಹುಳಿ ಖಾರ ಬಿಟ್ಟೆ. ಉರಿ ಸ್ವಲ್ಪ ತಗ್ಗಿತು. ಉಸಿರುಕಟ್ಟುವುದು, ಹಗಲಿನ ತೂಕಡಿಕೆ, ಬೆಳಗಿನ ತಲೆನೋವು ತಗ್ಗಲಿಲ್ಲ. ಹಾಸನದಲ್ಲಿ ನಾನು ತೋರಿಸಿಕೊಳ್ಳುತ್ತಿದ್ದ ಹಿರಿಯ ಫಿಸಿಷಿಯನ್ ಕನ್ನಡಕ ತೆಗೆದು ನಕ್ಕರು. "ಟೆನ್ಷನ್ ಮೇಡಂ. ನಿಮ್ಮ ವಯಸ್ಸಲ್ಲಿ ಹೆಣ್ಮಕ್ಕಳಿಗೆ ಇದ್ದಿದ್ದೇ. ಊರೂರು ಅಲೀತೀರ, ಹೊತ್ತು ಹೊತ್ತಿಗೆ ಊಟ ಇಲ್ಲ. ಮಲಗುವಾಗ ಒಂದು ನಿದ್ದೆ ಮಾತ್ರೆ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ."

ತೆಗೆದುಕೊಂಡೆ. ಮಾರನೆಯ ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಹಳದಿ ಕಲೆ ಇತ್ತು. ಬಾಯಿ ಕಹಿ, ಎದೆಯೊಳಗೆ ಗೊರಗೊರ ಸದ್ದು. ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಇಳಿದಿತ್ತು. ವಾರಗಟ್ಟಲೆ ಕೆಮ್ಮಿದೆ.

ರಾತ್ರಿ ನನಗೇನಾಗುತ್ತದೆ ಎಂದು ಹೇಳಬಹುದಾಗಿದ್ದವರು ನನ್ನ ಯಜಮಾನರು ಒಬ್ಬರೇ. ಅವರು ಕಾಲೇಜಿನಲ್ಲಿ ಇತಿಹಾಸದ ಮೇಷ್ಟರು. ನನ್ನ ಗೊರಕೆ ತಾಳಲಾರದೆ ಎಷ್ಟೋ ತಿಂಗಳಿಂದ ಹಜಾರದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. "ನಿನ್ನ ಗೊರಕೆಗೆ ಗೋಡೆ ಮೇಲಿನ ಕ್ಯಾಲೆಂಡರ್ ಅಲ್ಲಾಡುತ್ತೆ ಕಣೇ" ಎಂದು ನಗಿಸಲು ನೋಡಿದ್ದರು. ನನಗೆ ನಗು ಬಂದಿರಲಿಲ್ಲ. ಹೆಂಗಸು ಗೊರಕೆ ಹೊಡೆಯುವುದು ನಮ್ಮ ಮನೆತನದಲ್ಲಿ ನಾಚಿಕೆಯ ವಿಷಯ. ಹೊಳೆನರಸೀಪುರದಲ್ಲಿ ನನ್ನ ತಂಗಿಯ ಮಗಳ ಮದುವೆಯಾದಾಗ ಛತ್ರದಲ್ಲಿ ಹೆಂಗಸರೆಲ್ಲ ಸಾಲಾಗಿ ಮಲಗಿದ್ದರೆ, ನಾನು ಹೂ ಕಟ್ಟುವವರ ಜೊತೆ ಬೆಳಗಿನವರೆಗೂ ಕೂತಿದ್ದೆ. ಎಷ್ಟು ಕೆಲಸ ಮಾಡ್ತಾಳೆ ಎಂದು ಎಲ್ಲರೂ ಹೊಗಳಿದರು.

ಹೀಗಿರುವಾಗ ಒಂದು ದಿನ ಹೊಳೆನರಸೀಪುರದ ಸರ್ಜನ್ನರಿಂದ ಫೋನ್ ಬಂತು. ಹಳ್ಳಿಮೈಸೂರಿನ ಕಡೆಯ ರೈತ, ತೊಡೆಸಂದಿಯ ಹರ್ನಿಯಾದಲ್ಲಿ ಕರುಳು ಹಿಂದಿನ ದಿನದಿಂದ ಸಿಕ್ಕಿಹಾಕಿಕೊಂಡಿದೆ, ವಾಂತಿ ನಿಲ್ಲುತ್ತಿಲ್ಲ, ಬೇಗ ಬನ್ನಿ ಎಂದರು. ನಾನು ತಲುಪಿದಾಗ ಆ ಮನುಷ್ಯ ಮಂಚದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ದಪ್ಪ ಕತ್ತು, ಗಿಡ್ಡ ಗಲ್ಲ. ಮಲಗಿಸಲು ಬಂದ ಸಿಸ್ಟರನ್ನು ತಳ್ಳುತ್ತಿದ್ದ. "ಮನಗಾಕಾಗಕಿಲ್ಲ, ಬುಟ್ಬುಡಿ" ಎನ್ನುತ್ತಿದ್ದ.

ಹೆಂಡತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಅಮ್ಮಾ, ನೀವೇನಾ ಮತ್ತು ಕೊಡೋರು? ಒಂದ್ ಮಾತು. ನಮ್ಮೆಜಮಾನ್ರು ಮನಿಕ್ಕಂಡ್ರೆ ಉಸ್ರೇ ನಿಂತೋಯ್ತದೆ. ನಾನು ಪಕ್ಕೆಗೆ ತಿವೀತೀನಿ, ಆಗ ಗೊರಾಕ್ ಅಂತ ಎಳ್ಕತ್ತಾರೆ. ಎದೆ ಉರಿ ಅಂತ ಗ್ವಾಡೆಗೆ ಒರಗ್ಕಂಡೇ ನಿದ್ದೆ. ನಮ್ಮೂರ್ ಡಾಕ್ಟ್ರು ಗ್ಯಾಸು ಅಂತಾರೆ."

"ಹಗಲು ತೂಕಡಿಸ್ತಾರಾ?" ಎಂದು ಕೇಳಿದೆ.

"ಅಯ್ಯೋ, ಗಾಡಿ ಮ್ಯಾಲೆ ಕುಂತೇ ನಿದ್ದೆ ಕಣಮ್ಮಾ. ಎತ್ತು ಮನೆಗೆ ಕರ್ಕ ಬತ್ತವೆ."

ಅವಳು ಹೇಳಿದ್ದೆಲ್ಲ ನನ್ನದೇ ರಾತ್ರಿಗಳ ಹಾಗಿತ್ತು. ಆದರೆ ಆಗ ನನ್ನ ಬಗ್ಗೆ ಯೋಚಿಸಲು ಸಮಯವಿರಲಿಲ್ಲ. ಅವನ ಬಾಯಿ ತೆರೆಸಿ ಟಾರ್ಚು ಬಿಟ್ಟೆ. ನಾಲಿಗೆ ಬಿಟ್ಟು ಇನ್ನೇನೂ ಕಾಣಲಿಲ್ಲ. ಕಿರುನಾಲಿಗೆ ಎಲ್ಲೋ ಹಿಂದೆ ಅಡಗಿತ್ತು.

"ಪೂರ್ತಿ ನಿದ್ದೆ ಬರಿಸಿ ಜನರಲ್ಲೇ ಕೊಟ್ಬಿಡಿ ಮೇಡಂ" ಎಂದರು ಸರ್ಜನ್. "ಕರುಳು ಕಪ್ಪಾಗಿದ್ರೆ ಕತ್ತರಿಸಿ ಜೋಡಿಸ್ಬೇಕು. ಹೊತ್ತಾಗುತ್ತೆ."

"ಇವರ ಗಂಟಲು ನೋಡಿ ಸರ್. ಹೊಟ್ಟೆ ತುಂಬ ನೀರಿದೆ. ನಿದ್ದೆ ಬರಿಸಿದ ಮೇಲೆ ಟ್ಯೂಬ್ ಹೋಗ್ಲಿಲ್ಲ ಅಂದ್ರೆ ಆ ನೀರೆಲ್ಲ ಶ್ವಾಸಕೋಶಕ್ಕೆ ಹೋಗುತ್ತೆ. ಇಲ್ಲಿ ಇನ್ನೊಬ್ಬರು ಸಹಾಯಕ್ಕೂ ಇಲ್ಲ. ಬೆನ್ನಿಗೇ ಕೊಡ್ತೀನಿ. ನಿದ್ದೆಯ ಮದ್ದು ಒಂದು ತೊಟ್ಟೂ ಕೊಡಲ್ಲ."

ಮೊದಲು ಮೂಗಿನಿಂದ ಹೊಟ್ಟೆಗೆ ಒಂದು ಕೊಳವೆ ಇಳಿಸಿ ಎಳೆದಷ್ಟೂ ಹಸಿರು ನೀರು ತೆಗೆದೆವು. ಎರಡು ಕೈಗೂ ಡ್ರಿಪ್ ಹಾಕಿ, ರಕ್ತದೊತ್ತಡ ಮೇಲೆ ಬರುವವರೆಗೆ ಕಾದೆ. ಕೂರಿಸಿಯೇ ಬೆನ್ನಿಗೆ ಸೂಜಿ ಹಾಕಿದೆ. ಮೂಳೆಯ ಸಂದು ಸಿಗದೆ ಎರಡು ಸಲ ತಪ್ಪಿತು, ಮೂರನೆಯ ಸಲ ಸೂಜಿಯ ತುದಿಯಲ್ಲಿ ಬೆನ್ನುಹುರಿಯ ಸುತ್ತಲಿನ ತಿಳಿನೀರು ಕಂಡಿತು. ಮದ್ದು ತಳ್ಳಿ, ಮೆಲ್ಲಗೆ ಮಲಗಿಸಿ, ಟೇಬಲ್ಲಿನ ತಲೆಯ ಕಡೆಯನ್ನು ಸ್ವಲ್ಪ ಎತ್ತರಿಸಿ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದೆ. ಆ ಯಂತ್ರ ಅಲ್ಲಿಗೆ ಹೊಸದಾಗಿ ಬಂದಿತ್ತು. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಅದರ ಬೀಪ್ ಸದ್ದು ದಪ್ಪಗಾಗುತ್ತ ಹೋಗುತ್ತದೆ. ತೆರೆ ನೋಡದೆಯೂ ಕಿವಿಗೆ ಗೊತ್ತಾಗುತ್ತದೆ.

ನೋವು ನಿಂತಿತು. ಒಂದು ಹಗಲು ಒಂದು ರಾತ್ರಿ ಒದ್ದಾಡಿದ್ದವನು, "ಅಬ್ಬಾ, ತಾಯೀ" ಎಂದವನೇ ನಿದ್ದೆಗೆ ಜಾರಿದ. ನಾನು ಕೊಟ್ಟ ನಿದ್ದೆಯಲ್ಲ, ಅವನದೇ ನಿದ್ದೆ. ಗೊರಕೆ ಎದ್ದಿತು, ಏರಿತು, ಫಕ್ಕನೆ ನಿಂತಿತು. ಎದೆ ಮೇಲೇಳಲು ಹೆಣಗುತ್ತಿದೆ, ಹೊಟ್ಟೆ ಉಬ್ಬುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಬೀಪ್ ದಪ್ಪಗಾಗತೊಡಗಿತು. "ಗೌಡ್ರೇ, ಕಣ್ಬಿಡಿ, ಉಸಿರು ತಗೊಳ್ಳಿ!" ಎಂದು ಕೆನ್ನೆ ತಟ್ಟಿದೆ. ಗೊರಾಕ್ ಎಂದು ಎಳೆದುಕೊಂಡ, ಕಣ್ಣು ಬಿಟ್ಟ, ಮತ್ತೆ ಮುಚ್ಚಿದ. ಕೊನೆಗೆ ಅವನ ತಲೆಯ ಹಿಂದೆ ನಿಂತು, ಎರಡೂ ಕೈಗಳಿಂದ ಕೆಳದವಡೆಯ ಮೂಲೆಗಳನ್ನು ಹಿಡಿದು ಮುಂದಕ್ಕೆ ಎತ್ತಿದೆ. ದಾರಿ ತೆರೆಯಿತು. ಬೀಪ್ ತೆಳ್ಳಗಾಯಿತು.

ಹಾಗೆ ನಿಂತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಕೈ ಸಡಿಲವಾಗಿ ಅವನ ಉಸಿರು ಕಟ್ಟಿ, ಎದೆ ಹೆಣಗಿದಾಗಲೆಲ್ಲ ಮೂಗಿನ ಕೊಳವೆಯಲ್ಲಿ ಹಸಿರು ನೀರು ಸರ್ರನೆ ಮೇಲೇರುತ್ತಿತ್ತು. ದವಡೆ ಎತ್ತಿದರೆ ನಿಲ್ಲುತ್ತಿತ್ತು. ಮತ್ತೆ ಬಿಟ್ಟು ನೋಡಿದೆ, ಮತ್ತೆ ಏರಿತು. ಹುಳಿನೀರು ಬಂದು ಉಸಿರು ಕಟ್ಟುತ್ತಿರಲಿಲ್ಲ. ಉಸಿರು ಕಟ್ಟಿದ್ದಕ್ಕೇ ಹುಳಿನೀರು ಬರುತ್ತಿತ್ತು. ಎಲ್ಲರಿಗೂ ಹೀಗೆಯೇ ಎಂದು ನಾನು ಹೇಳಲಾರೆ. ಆ ಟೇಬಲ್ಲಿನ ಮೇಲೆ ಮಾತ್ರ ಅದು ಹಾಗೆಯೇ ನಡೆಯುತ್ತಿತ್ತು.

ಆ ಕಡೆ ಸರ್ಜನ್ ಕರುಳನ್ನು ಬಿಡಿಸಿ, ಬಿಸಿನೀರಿನ ಬಟ್ಟೆ ಸುತ್ತಿ, ಬಣ್ಣ ತಿರುಗುವುದೇ ಎಂದು ಕಾಯುತ್ತಿದ್ದರು. ಥಿಯೇಟರಿನಲ್ಲಿ ಮಾತಿಲ್ಲ. ಬೀಪ್, ಬೀಪ್, ಬೀಪ್. ನನ್ನ ಕೈಯಲ್ಲಿ ದವಡೆ. ನನಗೆ ಗೊತ್ತಾಗಲೇ ಇಲ್ಲ. ಸದ್ದು ದಪ್ಪಗಾಗುತ್ತಿದೆ ಎಂದು ಎಲ್ಲೋ ದೂರದಿಂದ ಕೇಳಿಸುತ್ತಿತ್ತು, ಯಾರದೋ ಮನೆಯ ಸದ್ದಿನ ಹಾಗೆ. "ಮೇಡಂ!" ಎಂದು ಸರ್ಜನ್ ಕೂಗಿದಾಗ ತಲೆ ಎತ್ತಿದೆ. ತೊಂಬತ್ತರ ಮೇಲಿರಬೇಕಾದ ಆಮ್ಲಜನಕ ಎಂಬತ್ತಕ್ಕೆ ಇಳಿದಿತ್ತು. ನಾನು ನಿಂತೇ ನಿದ್ದೆ ಹೋಗಿದ್ದೆ.

ದವಡೆ ಎತ್ತಿದೆ, ಬೀಪ್ ಮೇಲಕ್ಕೆ ಬಂತು. ಸಿಸ್ಟರನ್ನು ಕರೆದೆ. "ನನ್ನ ಪಕ್ಕದಲ್ಲೇ ನಿಂತ್ಕೊಳ್ಳಮ್ಮ. ನಾನು ಮಾತಾಡ್ತಾ ಇರ್ತೀನಿ. ಮಾತು ನಿಂತ್ರೆ ನನ್ನ ಭುಜ ಅಲ್ಲಾಡ್ಸು." ಆ ಹುಡುಗಿ ನನ್ನ ಮುಖ ನೋಡಿ ಹೆದರಿದಳು. ನಾನು ಮಾತಾಡತೊಡಗಿದೆ. ನಿದ್ದೆಯಲ್ಲಿದ್ದ ಆ ಮನುಷ್ಯನನ್ನು ಹೊಗೆಸೊಪ್ಪು ಎಷ್ಟು ಹಾಕಿದ್ದೀರಿ, ಶುಂಠಿ ಹೇಗಿದೆ, ಎತ್ತಿಗೆ ಏನು ಹೆಸರು ಎಂದೆಲ್ಲ ಕೇಳಿದೆ. ಉತ್ತರವಿಲ್ಲದ ಪ್ರಶ್ನೆಗಳು ಮುಗಿದ ಮೇಲೆ ಮಗ್ಗಿ ಹೇಳಿದೆ. ಕರುಳು ಕೆಂಪಗಾಯಿತು. ಕತ್ತರಿಸುವುದು ಬೇಕಾಗಲಿಲ್ಲ. ಕೊನೆಯ ಹೊಲಿಗೆ ಬೀಳುವ ಹೊತ್ತಿಗೆ ನನ್ನ ಬೆರಳುಗಳು ಮಡಿಸಲು ಬಾರದಂತೆ ಮರಗಟ್ಟಿದ್ದವು.

ಅವನನ್ನು ಪೂರ್ತಿ ಎಚ್ಚರಿಸಿ, ಒರಗಿಸಿ ಕೂರಿಸಿದ ಮೇಲೆ ಅವನ ಹೆಂಡತಿ ಕೇಳಿದಳು: "ಉಸ್ರು ನಿಲ್ತಿದ್ದುದ್ದ ನೀವೂ ನೋಡುದ್ರಾ ಅಮ್ಮಾ?"

"ನೋಡ್ದೆ ಕಣವ್ವ. ಅದು ಗ್ಯಾಸಲ್ಲ."

ಮಧ್ಯಾಹ್ನ, ಸರ್ಜನ್ ಊಟಕ್ಕೆ ಏಳುತ್ತಿದ್ದಾಗ ಅವರನ್ನು ತಡೆದೆ. "ಸರ್, ಒಂದು ಉಪಕಾರ. ಆ ಯಂತ್ರ ನನ್ನ ಬೆರಳಿಗೆ ಹಾಕಿ. ನಾನು ಆ ಮಂಚದ ಮೇಲೆ ಮಲಗ್ತೀನಿ. ಏನಾಗುತ್ತೆ ಅಂತ ನೋಡಿ ಹೇಳಿ." ಅವರು ನಗಲಿಲ್ಲ. ಪೇಪರ್ ತೆಗೆದುಕೊಂಡು ಕುರ್ಚಿ ಎಳೆದು ಕೂತರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮಲಗಿದ್ದಷ್ಟೇ ನೆನಪು.

ಎಚ್ಚರವಾದಾಗ ಅವರು ನನ್ನ ಭುಜ ಹಿಡಿದು ಜೋರಾಗಿ ಅಲ್ಲಾಡಿಸುತ್ತಿದ್ದರು. ಪೇಪರ್ ನೆಲದ ಮೇಲೆ ಬಿದ್ದಿತ್ತು. ನನ್ನ ಬಾಯಿ ತುಂಬ ಹುಳಿ.

"ಅರವತ್ತೆಂಟಕ್ಕೆ ಹೋಯ್ತು ಮೇಡಂ" ಎಂದರು. "ಬೆಳಗ್ಗೆ ಆ ಪೇಷೆಂಟ್ ಇಷ್ಟು ಇಳೀಲಿಲ್ಲ. ನಂಗೆ ನೋಡ್ಕೊಂಡು ಕೂರೋಕೆ ಆಗ್ಲಿಲ್ಲ."

ಕೈ ತೊಳೆಯುವ ಬೇಸಿನ್ನಿನ ಕನ್ನಡಿ ಮುಂದೆ ನಿಂತು ಬಾಯಿ ತೆರೆದೆ. ಚಿಕ್ಕ ದವಡೆ, ಒಳಕ್ಕೆ ಸರಿದ ಗಲ್ಲ, ನಾಲಿಗೆಯ ಹಿಂದೆ ಏನೂ ಕಾಣದ ಗಂಟಲು. ಬೇರೆ ಯಾರಾದರೂ ಈ ಬಾಯಿ ಹೊತ್ತು ನನ್ನ ಮುಂದೆ ಬಂದಿದ್ದರೆ ಕಷ್ಟದ ಕೇಸು ಎಂದು ಕೂಡಲೇ ಹೇಳುತ್ತಿದ್ದೆ.

"ಸರ್, ಇದು ಸರಿಯಾಗೋವರೆಗೂ ನಾನು ಯಾರಿಗೂ ಅರಿವಳಿಕೆ ಕೊಡಲ್ಲ."

"ಹಾಗಂದ್ರೆ ಹೇಗೆ ಮೇಡಂ? ಮೂರು ತಾಲ್ಲೂಕಿಗೆ ನೀವೊಬ್ರು. ಜೊತೆಗೆ ಸಿಸ್ಟರನ್ನ ನಿಲ್ಸೋಣ. ಕೇಸು ಕಮ್ಮಿ ಮಾಡ್ಕೊಳ್ಳಿ."

"ಇವತ್ತು ನೀವು ಕೂಗಿದ್ರಿ. ನಾಳೆ ನಿಮ್ಮ ಕಣ್ಣು ಹೊಟ್ಟೆಯೊಳಗೇ ಇದ್ರೆ?"

ಅವರು ಡ್ರೈವರನ್ನು ಕರೆದು ಕಾರು ತರಿಸಿದರು. ಮನೆಗೆ ಕಳಿಸಿಕೊಟ್ಟರು.

ಅದೇ ಸಂಜೆ ಎಲ್ಲ ನರ್ಸಿಂಗ್ ಹೋಮುಗಳಿಗೂ ಫೋನ್ ಮಾಡಿ, ಸದ್ಯ ಬರಲಾರೆ ಎಂದಷ್ಟೇ ಹೇಳಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನಿದ್ದೆಯ ಪರೀಕ್ಷೆ ಮಾಡುತ್ತಾರೆಂದು ತಿಳಿದು ಹೆಸರು ಬರೆಸಿದೆ. ಸರದಿಗೆ ಕಾಯಬೇಕಿತ್ತು. ಮನೆಯಲ್ಲಿ ಕೂತೆ. ಕೆಲಸವಿಲ್ಲದ ಹಗಲು, ನಿದ್ದೆಯಿಲ್ಲದ ರಾತ್ರಿ. ಯಜಮಾನರು ಹಜಾರದ ಚಾಪೆ ಸುತ್ತಿಟ್ಟು ನನ್ನ ಪಕ್ಕಕ್ಕೆ ಬಂದರು. ಉಸಿರು ನಿಂತಾಗ ಎಬ್ಬಿಸುತ್ತೇನೆಂದು ಪಾಪ ಅವರೂ ಎದ್ದೇ ಇರುತ್ತಿದ್ದರು. "ಇಷ್ಟು ದಿನ ನಗ್ತಾ ಇದ್ನಲ್ಲೇ" ಎಂದು ಒಮ್ಮೆ ಅಂದರು, ಅಷ್ಟೇ. ಬೆಳಿಗ್ಗೆ ಇಬ್ಬರ ಕಣ್ಣೂ ಕೆಂಪು.

ಒಂದು ಇಳಿಸಂಜೆ ಚನ್ನರಾಯಪಟ್ಟಣದಿಂದ ಫೋನ್ ಬಂತು. ಅಲ್ಲಿನ ಪ್ರಸೂತಿ ಡಾಕ್ಟರು ನನಗಿಂತ ತುಂಬ ಚಿಕ್ಕವರು, ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣದೊಂದು ನರ್ಸಿಂಗ್ ಹೋಂ ನಡೆಸುತ್ತಿದ್ದರು. ಮಾತು ಗಡಿಬಿಡಿಯಲ್ಲಿತ್ತು. "ಮೇಡಂ, ಗೊತ್ತು, ನೀವು ಬರಲ್ಲ ಅಂದಿದ್ರಿ. ಚೊಚ್ಚಲು. ಮಗುವಿನ ಹಾರ್ಟ್‌ಬೀಟ್ ಇಳೀತಾ ಇದೆ. ಹಾಸನದ ಇನ್ನೊಬ್ರು ಅರಿವಳಿಕೆ ಡಾಕ್ಟ್ರು ಜಿಲ್ಲಾಸ್ಪತ್ರೆ ಥಿಯೇಟರಲ್ಲಿದ್ದಾರೆ, ಬಿಟ್ಟು ಬರೋಕಾಗಲ್ಲ ಅಂದ್ರು. ಇದೊಂದು ಸಲ ಬಂದ್ಬಿಡಿ. ನಾನೇ ಕಾರು ಕಳಿಸ್ತೀನಿ."

ಆ ದಿನ ಬೆಳಗಿನಿಂದ ನಾನು ಎರಡು ಸಲ ಕೂತಲ್ಲೇ ನಿದ್ದೆ ಹೋಗಿದ್ದೆ. ಒಲೆಯ ಮೇಲಿಟ್ಟಿದ್ದ ಹಾಲು ಸೀದು ಹೋಗಿತ್ತು.

"ಕಾರು ಬಂದು ಹೋಗೋಷ್ಟರಲ್ಲಿ ಅವರನ್ನೇ ಇಲ್ಲಿಗೆ ತರಬಹುದು. ಈಗಲೇ ಹೊರಡಿಸಿ. ನಾನು ಜಿಲ್ಲಾಸ್ಪತ್ರೆಗೆ ಹೋಗಿ ಎಲ್ಲಾ ರೆಡಿ ಮಾಡಿಸ್ತೀನಿ."

"ಮೇಡಂ, ಪ್ಲೀಸ್..."

"ನನ್ನ ಕೈಲಿ ಆಗಲ್ಲಮ್ಮ. ಕಳಿಸು."

ಆಟೋ ಹಿಡಿದು ಜಿಲ್ಲಾಸ್ಪತ್ರೆಗೆ ಓಡಿದೆ. ಥಿಯೇಟರಿಗೆ ಹೇಳಿದೆ, ಟೇಬಲ್ ಖಾಲಿ ಮಾಡಿಸಿದೆ, ಮಕ್ಕಳ ಡಾಕ್ಟರನ್ನು ಕರೆಸಿದೆ. ಆಮೇಲೆ ಗೇಟಿನ ಹತ್ತಿರ ಬಂದು ನಿಂತೆ. ಚನ್ನರಾಯಪಟ್ಟಣದ ಕಡೆಯಿಂದ ಬರುವ ಪ್ರತಿಯೊಂದು ದೀಪವೂ ಅದೇ ಎನಿಸುತ್ತಿತ್ತು. ಬಸ್ಸು, ಲಾರಿ, ಮತ್ತೆ ಬಸ್ಸು. ಕೊನೆಗೆ ಒಂದು ವ್ಯಾನು ಒಳಗೆ ನುಗ್ಗಿತು. ಶಾಂತಿಗ್ರಾಮದ ಹತ್ತಿರ ಲಾರಿಯೊಂದು ಅಡ್ಡ ನಿಂತು ತಡವಾಯಿತಂತೆ. ಬಸುರಿ ಹುಡುಗಿಯನ್ನು ಇಳಿಸಿಕೊಂಡು ಮೇಲಕ್ಕೆ ಒಯ್ದರು. ಇನ್ನೊಬ್ಬ ಅರಿವಳಿಕೆಯವರು ಬೇಗ ಬೇಗ ಎಲ್ಲ ಮಾಡಿದರು. ಬಾಗಿಲಾಚೆ ನಿಂತು ನಾನು ಮಗುವಿನ ಅಳುವಿಗೆ ಕಿವಿಗೊಟ್ಟೆ. ಅಳು ಬರಲಿಲ್ಲ.

ತಾಯಿ ಉಳಿದಳು.

ಹುಡುಗಿಯ ತಾಯಿ ಗೋಡೆಗೊರಗಿ ಕೂತಿದ್ದಳು. ನಾನು ಹತ್ತಿರ ಹೋದಾಗ ತಲೆ ಎತ್ತಿದಳು. "ಬರಾಕಿಲ್ಲ ಅಂದೋರು ನೀವೇ ಅಂತಲ್ಲ?"

"ಹೌದು, ನಾನೇ."

"ಯಾಕವ್ವ?"

"ಮೈ ಹುಷಾರಿಲ್ಲ ತಾಯಿ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ಕೆಟ್ಟ ಮಾತೇನೂ ಆಡಲಿಲ್ಲ. "ಚಂದಾಗೇ ಇದ್ದೀರಲ್ಲ" ಎಂದಳು.

ಬಂದಿದ್ದರೂ ಮಗು ಉಳಿಯುತ್ತಿರಲಿಲ್ಲ, ಹೊಕ್ಕುಳಬಳ್ಳಿ ಮೊದಲೇ ಬಿಗಿದಿತ್ತು ಎಂದು ಜಿಲ್ಲಾಸ್ಪತ್ರೆಯವರು ಹೇಳಿದರು. ಇರಬಹುದು. ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗಿದ್ದರೆ ಏನಾಗುತ್ತಿತ್ತು ಎಂದು ಎರಡೂ ರೀತಿಯಲ್ಲಿ ಯೋಚಿಸಿದ್ದೇನೆ. ಯೋಚನೆ ಎಲ್ಲೂ ನಿಂತಿಲ್ಲ. ಚನ್ನರಾಯಪಟ್ಟಣದ ಡಾಕ್ಟರು ಅದಾದ ಮೇಲೆ ನನಗೆ ಫೋನ್ ಮಾಡಲಿಲ್ಲ.

ಬೆಂಗಳೂರಿನ ಪರೀಕ್ಷೆಯಲ್ಲಿ ತಲೆಗೆ, ಎದೆಗೆ, ಕಾಲಿಗೆಲ್ಲ ವೈರು ಅಂಟಿಸಿ ಮಲಗಿಸಿದರು. ಗಂಟೆಗೆ ಎಷ್ಟು ಸಲ ನನ್ನ ಉಸಿರು ನಿಲ್ಲುತ್ತದೆಂದು ಅಲ್ಲಿನ ಡಾಕ್ಟರ್ ಹೇಳಿದಾಗ ಯಜಮಾನರು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಮೂಗಿಗೆ ಮಾಸ್ಕಿನಂಥ ಮುಸುಕು ಕಟ್ಟಿಕೊಂಡು ಮಲಗುವ ಯಂತ್ರ ಬರೆದುಕೊಟ್ಟರು. ಅದು ಒಂದೇ ಸಮನೆ ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ನಾನು ರೋಗಿಗಳಿಗೆ ಕೈಯಿಂದ ಮಾಡುತ್ತಿದ್ದುದನ್ನೇ ಅದು ಗಾಳಿಯಿಂದ ಮಾಡುತ್ತದೆ. ಇನ್ನೇನು, ಮುಗಿಯಿತು ಎಂದುಕೊಂಡು ಪೆಟ್ಟಿಗೆ ಹೊತ್ತು ಹಾಸನಕ್ಕೆ ಬಂದೆ.

ಮುಗಿಯಲಿಲ್ಲ. ಗಾಳಿ ಗಂಟಲಿಗೆ ಹೋದಷ್ಟೇ ಹೊಟ್ಟೆಗೂ ಹೋಯಿತು. ಬೆಳಗಿನ ಹೊತ್ತಿಗೆ ಹೊಟ್ಟೆ ನಗಾರಿಯಂತೆ ಊದಿಕೊಂಡು, ತೇಗು ಬಂದು, ತೇಗಿನ ಹಿಂದೆಯೇ ಹುಳಿನೀರು ಮುಸುಕಿನೊಳಕ್ಕೆ ಬರುತ್ತಿತ್ತು. ಮುಸುಕು ಕಟ್ಟಿಕೊಂಡು ವಾಂತಿಯಾದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಿತ್ತು ಎಸೆಯುತ್ತಿದ್ದೆ. ಕಿತ್ತರೆ ಉಸಿರಿಲ್ಲ, ಕಟ್ಟಿದರೆ ಹುಳಿ. ಇದರ ಮೇಲೆ ಕರೆಂಟು ಹೋದರೆ ಯಂತ್ರ ನಿಂತು, ಮುಸುಕಿನೊಳಗೇ ಉಸಿರುಗಟ್ಟಿ ಏಳುತ್ತಿದ್ದೆ. ಒಂದು ಬೆಳಿಗ್ಗೆ ಆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಅತ್ತೆ. "ನಂಗೆ ಇದು ಆಗಲ್ಲ ರೀ. ನರ್ಸಿಂಗ್ ಸ್ಕೂಲಲ್ಲಿ ಪಾಠ ಮಾಡ್ಕೊಂಡು ಇರ್ತೀನಿ. ಥಿಯೇಟರ್ ಸಾಕು."

"ಪಾಠ ಮಾಡುವಾಗ ಉಸಿರಾಡೋದು ಬೇಡ್ವೇನೇ?" ಎಂದರು ಯಜಮಾನರು. "ಕೆಲಸ ಬೇಡ ಅಂದ್ರೆ ಬೇಡ. ನೀನಂತೂ ಬೇಕಲ್ಲ. ನಡಿ, ಮತ್ತೆ ಬೆಂಗಳೂರಿಗೆ ಹೋಗೋಣ."

ಹೋದೆವು. ಡಾಕ್ಟರು ಗಾಳಿಯ ಒತ್ತಡವನ್ನು ತಗ್ಗಿಸಿದರು, ಮಲಗಿದಾಗ ಕಡಿಮೆಯಿಂದ ಶುರುವಾಗಿ ಮೆಲ್ಲಗೆ ಏರುವಂತೆ ಮಾಡಿದರು. ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ಚಿಕ್ಕ ಮುಸುಕು ಕೊಟ್ಟರು. ದಿಂಬು ಪೇರಿಸಬೇಡಿ, ಸೊಂಟದಿಂದ ಮೇಲೆ ಇಡೀ ಮೈ ಓರೆಯಾಗಿರಲಿ, ಎಡಮಗ್ಗುಲಿಗೆ ಮಲಗಿ ಎಂದರು. ಬಡಗಿಯಿಂದ ಹಲಗೆ ಮಾಡಿಸಿ ಹಾಸಿಗೆಯ ಕೆಳಗೆ ಇಟ್ಟೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಊಟ ಮುಗಿಯತೊಡಗಿತು. ಒಮೆಪ್ರಜೋಲನ್ನು ಬೆಳಿಗ್ಗೆ ತಿಂಡಿಗೆ ಮುಂಚೆ ತಪ್ಪದೆ ತೆಗೆದುಕೊಂಡೆ. ಕಾಫಿ ಒಂದೇ ಲೋಟಕ್ಕೆ ಇಳಿಯಿತು. ಕರೆಂಟಿಗಾಗಿ ಒಂದು ಬ್ಯಾಟರಿ ಇನ್ವರ್ಟರ್ ಮಂಚದ ಪಕ್ಕಕ್ಕೆ ಬಂತು. ಆದರೂ ಕೆಲವು ರಾತ್ರಿ ಸೋಲುತ್ತಿದ್ದೆ. ಎರಡು ದಿನ ಒಳ್ಳೆಯದು, ಮೂರನೆಯ ದಿನ ಮತ್ತೆ ಹುಳಿ.

ಒಂದು ಮುಂಜಾನೆ ಹಾಲಿನವನ ಗಂಟೆ ಕೇಳಿ ಕಣ್ಣು ಬಿಟ್ಟೆ. ಬಾಯಲ್ಲಿ ಏನೂ ಇರಲಿಲ್ಲ. ಹುಳಿಯಿಲ್ಲ, ಕಹಿಯಿಲ್ಲ. ತಲೆ ಹಗುರ. ಏನೋ ಕಳೆದುಹೋದ ಹಾಗೆ ಸ್ವಲ್ಪ ಹೊತ್ತು ಹುಡುಕಾಡಿದೆ. ಯಜಮಾನರು ಪಕ್ಕದಲ್ಲಿ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು.

ಆಮೇಲೂ ಕೆಲಸಕ್ಕೆ ಓಡಲಿಲ್ಲ. ಹೊಳೆನರಸೀಪುರಕ್ಕೆ ಯಂತ್ರ ಒಯ್ದು, ಮುಸುಕು ಕಟ್ಟಿ ಅದೇ ಮಂಚದ ಮೇಲೆ ಮಲಗಿ, ಮತ್ತೆ ಬೆರಳಿಗೆ ಆಕ್ಸಿಮೀಟರ್ ಹಾಕಿಸಿಕೊಂಡೆ. ಎದ್ದಾಗ ಸರ್ಜನ್ ಪೇಪರನ್ನು ಕೊನೆಯ ಪುಟದವರೆಗೂ ಓದಿ ಮಡಿಸಿಟ್ಟಿದ್ದರು. "ತೊಂಬತ್ನಾಲ್ಕರ ಕೆಳಗೆ ಬರ್ಲೇ ಇಲ್ಲ ಮೇಡಂ" ಎಂದು ತಮಗೇ ಬಹುಮಾನ ಬಂದವರಂತೆ ಹೇಳಿದರು. ಹಳ್ಳಿಮೈಸೂರಿನ ಆ ರೈತನನ್ನೂ ಕರೆಸಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟೆವು. ಅವನು ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಗೋಡೆಗೊರಗಿಯೇ ಮಲಗುತ್ತಾನಂತೆ.

ಮೊದಲ ಕೇಸು ಅರಕಲಗೂಡಿನಲ್ಲಿ, ಸಿಸೇರಿಯನ್. ಬೆನ್ನಿಗೆ ಸೂಜಿ ಹಾಕಿದೆ. ಮದ್ದು ಏರಿದ್ದನ್ನು ಪರೀಕ್ಷಿಸಿದೆ, ರಕ್ತದೊತ್ತಡ ಇಳಿದಾಗ ಡ್ರಿಪ್ ಜೋರಾಗಿ ಬಿಟ್ಟೆ. ಬೀಪ್ ಸದ್ದಿನ ಏರಿಳಿತ ಒಂದೊಂದೂ ಕೇಳಿಸುತ್ತಿತ್ತು. ಮಗು ಅತ್ತಾಗ ತಾಯಿ ನನ್ನ ಕೈ ಹಿಡಿದು "ಏನ್ ಮಗ ಅಮ್ಮಾ?" ಎಂದಳು. ಹೆಣ್ಣು ಎಂದೆ. ನಾನೂ ಅಳುತ್ತಿದ್ದೆ, ಮುಖಗವಸಿನೊಳಗೆ ಯಾರಿಗೂ ಕಾಣಲಿಲ್ಲ.

ಚನ್ನರಾಯಪಟ್ಟಣಕ್ಕೆ ನಾನೇ ಫೋನ್ ಮಾಡಿದೆ. ನನಗೆ ಏನಾಗಿತ್ತು, ಈಗ ಹೇಗಿದ್ದೇನೆ ಎಂದು ಎಲ್ಲ ಹೇಳಿದೆ. "ಅವತ್ತು ನೀವು ಇಷ್ಟು ಹೇಳಿರ್ಲಿಲ್ಲ ಮೇಡಂ" ಎಂದರು ಪ್ರಸೂತಿ ಡಾಕ್ಟರು. ಹೇಳಲು ಹೊತ್ತಿರಲಿಲ್ಲ ಎಂದೆ. ಕೆಲವು ವಾರಗಳ ನಂತರ ಅವರಿಂದ ಕರೆ ಬಂತು. ಕೇಸಿನ ವಿವರ ಹೇಳುವ ಮುಂಚೆ ಕೇಳಿದರು: "ನಿದ್ದೆ ಆಯ್ತಾ ಮೇಡಂ?" ಊಟ ಆಯ್ತಾ ಎಂದು ಕೇಳುವ ಹಾಗೆಯೇ ಕೇಳಿದರು. ಆಯಿತು ಎಂದೆ, ಹೋದೆ. ಅಂದಿನಿಂದ ಪ್ರತಿ ಸಲವೂ ಅದೇ ಮೊದಲ ಮಾತು.

ಆ ಮಳೆಗಾಲದಲ್ಲಿ ಒಂದು ರಾತ್ರಿ ಹಾಸನಕ್ಕೆಲ್ಲ ಕರೆಂಟು ಹೋಯಿತು. ಬ್ಯಾಟರಿಯೂ ಸ್ವಲ್ಪ ಹೊತ್ತಿಗೇ ಸತ್ತಿತು. ಬೆಳಗಿನವರೆಗೂ ಕುರ್ಚಿಯಲ್ಲಿ ಕೂತೆ, ಎದೆಯೆಲ್ಲ ಉರಿ. ಬೆಳಕಾದ ಮೇಲೆ ಫೋನ್ ರಿಂಗಾಯಿತು. ಚನ್ನರಾಯಪಟ್ಟಣದವರೇ. ಗರ್ಭಕೋಶದ ಆಪರೇಷನ್ ಒಂದಿತ್ತು, ಹಿಂದಿನ ದಿನವೇ ಮಾತಾಗಿತ್ತು, ರೋಗಿಯನ್ನು ಉಪವಾಸ ಇರಿಸಿದ್ದರು.

"ನಿದ್ದೆ ಆಯ್ತಾ ಮೇಡಂ?"

ಕಾರು ಆಗಲೇ ನಮ್ಮ ಬಾಗಿಲಲ್ಲಿ ನಿಂತಿತ್ತು. ಡ್ರೈವರ್ ಗಾಜು ಒರೆಸುತ್ತಿದ್ದ.

"ಇಲ್ಲ" ಎಂದೆ.

"ಸರಿ. ನಾಳೆಗೆ ಇಟ್ಕೋತೀನಿ. ಪೇಷೆಂಟಿಗೆ ನಾನು ಹೇಳ್ತೀನಿ. ನೀವು ಹೋಗಿ ಮಲಗಿ."

ಡ್ರೈವರನ್ನು ಕಳಿಸಿಕೊಟ್ಟೆ. ಒಳಗೆ ಬಂದಾಗ ಕರೆಂಟು ಬಂದಿತ್ತು. ಮುಸುಕು ಕಟ್ಟಿಕೊಂಡು, ಎಡಮಗ್ಗುಲಿಗೆ ತಿರುಗಿ, ಹಾಡುಹಗಲಿನಲ್ಲಿ ಮಲಗಿದೆ.